ಹೊಲದಿಂದ ಹರಿಯುವ ನೀರಿನ ಲೆಕ್ಕ: ಎಂಜಿನಿಯರ್ ಜತೆ ಪ್ರಶ್ನೋತ್ತರ

ರೈತ, ಇಂಡಿ: ನಮಸ್ಕಾರ ಸರ್. ನಾಲ್ಕು ಎಕರೆ ಎರೆ ಹೊಲ. ಕೃಷಿ ಹೊಂಡ ತೆಗೆಸಬೇಕು. ಕರ್ವ್ ನಂಬರ್ (ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಎಂದು ಅಳೆಯುವ ಅಂಕಿ, ಹೆಚ್ಚಾದಷ್ಟೂ ಹರಿವು ಹೆಚ್ಚು) 85 ಹಾಕಿ ಎಕ್ಸೆಲ್ ಶೀಟ್ ಮಾಡಿ ಇಲ್ಲಿ ಹಾಕಿದ್ದೇನೆ. ಮಳೆ ಇಲ್ಲದ ದಿನವೂ ಅರ್ಧ ಮಿ.ಮೀ. ನೀರು ಹರಿದಂತೆ ತೋರಿಸುತ್ತದೆ. ಸೋಮವಾರ ಜೆಸಿಬಿ ಬರುತ್ತದೆ.

ಎಂಜಿನಿಯರ್: ಜೆಸಿಬಿ ನಿಲ್ಲಿಸಿರಿ. 25400 ಭಾಗಿಸು 85, ಅದರಲ್ಲಿ 254 ಕಳೆದರೆ 44.8 ಮಿ.ಮೀ.; ಇದು ನೆಲ ಹೆಚ್ಚೆಂದರೆ ಹಿಡಿದಿಡುವ ನೀರು. ನೆನೆದ ಎರೆಗೆ ಅದರ ಹತ್ತನೇ ಒಂದು ಪಾಲು, ಅಂದರೆ 4.48, ಹರಿಯುವ ಮೊದಲೇ ನೆಲಕ್ಕೆ ಹೋಗುತ್ತದೆ. ಸೂತ್ರ ಹೀಗೆ: (ಮಳೆ − 4.48)ರ ವರ್ಗ ÷ (ಮಳೆ + 40.3). ಮಳೆ ಸೊನ್ನೆಯಾದರೆ ಮೈನಸ್ 4.48 ಬರುತ್ತದೆ. ವರ್ಗ ಮಾಡಿದಾಗ ಮೈನಸ್ ಅಳಿಸಿಹೋಗುತ್ತದೆ. ನಿಮ್ಮ ಹೊಲಕ್ಕೆ ದಿನಕ್ಕೆ ಸುಮಾರು 8,000 ಲೀಟರ್ ಇಲ್ಲದ ನೀರು! ಮಳೆ 4.48 ದಾಟದಿದ್ದರೆ ಸೊನ್ನೆ ಬರುವಂತೆ 'ಇಫ್' ಹಾಕಿರಿ.

ನನಗೆ ಹೆಚ್ಚು ಚಿಂತೆ ನಿಮ್ಮ ಸೆಪ್ಟೆಂಬರ್ ಸಾಲಿನದ್ದು. ತಿಂಗಳ 150 ಮಿ.ಮೀ. ಒಟ್ಟಿಗೆ ಹಾಕಿದ್ದೀರಿ. ಅದಕ್ಕೇ 111 ಮಿ.ಮೀ. ಹರಿವು ಬಂದಿದೆ. ಅದೇ ಮಳೆ 15ರಂತೆ ಹತ್ತು ದಿನ ಬಿದ್ದರೆ ಹರಿಯುವುದು ಬರೀ 20. ಅದೂ ನೆಲ ಮೊದಲೇ ನೆನೆದಿದ್ದರೆ. ಬಿರುಕು ಬಿಟ್ಟ ಒಣ ಎರೆಗೆ ಕರ್ವ್ ನಂಬರ್ ಇಳಿಯುತ್ತದೆ, ಹತ್ತನೇ ಪಾಲಿನ ಬದಲು 0.3 ಹಿಡಿಯಬೇಕು. ಈ ಶೀಟ್ ನಂಬಿ ಸಾಲ ಮಾಡಿ ಹೊಂಡ ತೋಡಿದರೆ ಅದು ತುಂಬುವುದಿಲ್ಲ.

ಸದಸ್ಯ, ಬಾಗೇವಾಡಿ: ಸರ್, ಮಳೆಯನ್ನು 0.8ರಿಂದ ಗುಣಿಸಿದರೆ ಸಾಕು ಎಂದು ಫಾರ್ವರ್ಡ್ ಬಂದಿದೆ.

ಎಂಜಿನಿಯರ್: ಅದು ಮನೆ ಚಾವಣಿಯ ಲೆಕ್ಕ. ಹೊಲಕ್ಕೆ ಹಾಕಬೇಡಿ.

ಸದಸ್ಯ, ಹುನಗುಂದ: ನಮ್ಮದು ಮಸಾರಿ (ಕೆಂಪು ನೆಲ). ಇದೇ ಶೀಟ್ ನಡೆಯುತ್ತಾ?

ಎಂಜಿನಿಯರ್: ಇಲ್ಲ. ಎರೆ ಅಲ್ಲದ ನೆಲಕ್ಕೆ ಯಾವಾಗಲೂ 0.3. ಕರ್ವ್ ನಂಬರೂ ಬೇರೆ.

ಸದಸ್ಯ, ಸಿಂದಗಿ: ಎರೆ ಎಲ್ಲ ನೀರು ಕುಡಿಯುತ್ತದೆ. ಹರಿಯೋದೇ ಇಲ್ಲ.

ಸದಸ್ಯ, ಹುನಗುಂದ: ಹಿಂಗಾರಿ ಮಳೆಯಲ್ಲಿ ನಿಮ್ಮ ಒಡ್ಡು ಒಡೆಯೋದು ಯಾಕೆ ಅಣ್ಣಾ?

ಸದಸ್ಯ, ಸಿಂದಗಿ: ಎರೆ ಉಳುಮೆ ಮಾಡಿ ಮಾತಾಡ್ರಿ.

ಎಂಜಿನಿಯರ್: ಇಬ್ಬರೂ ಅರ್ಧ ಹೇಳುತ್ತಿದ್ದೀರಿ. ಬಿರುಕು ಇರುವ ತನಕ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ಇಂಗುವುದು ಬಹಳ ನಿಧಾನ.

ಸದಸ್ಯ, ಖಾನಾಪುರ: ಕಾಡಂಚಿನ ಹೊಲಕ್ಕೆ ಕರ್ವ್ ನಂಬರ್ ಎಷ್ಟು ಸರ್?

ಸದಸ್ಯ, ಸಿಂದಗಿ: ಪುಸ್ತಕದ ಮಾತು ಸಾಕು.

ಸದಸ್ಯ, ಹುನಗುಂದ: ಕೇಳೋ ಮನಸ್ಸಿಲ್ಲದಿದ್ದರೆ ಸುಮ್ನಿರ್ರಿ.

ಸದಸ್ಯ, ಮುಧೋಳ: 0.8 ಹಾಕಿದರೆ ಆಗುತ್ತಾ ಸರ್?

ಎಂಜಿನಿಯರ್: ಮೇಲೆ ಓದಿರಿ.

ಸದಸ್ಯ, ಖಾನಾಪುರ: ನನ್ನ ಪ್ರಶ್ನೆ ಸರ್?

ರೈತ, ಇಂಡಿ: 'ಇಫ್' ಹಾಕಿದೆ. ಜೆಸಿಬಿಯವರಿಗೂ ಬೇಡ ಎಂದೆ.

ಎಂಜಿನಿಯರ್: ಹತ್ತಿರದ ಮಳೆಮಾಪನ ಕೇಂದ್ರದ ದಿನದಿನದ ಮಳೆ ತನ್ನಿರಿ. ಹತ್ತು ವರ್ಷದ್ದಾದರೂ ಬೇಕು. ಪ್ರತಿ ದಿನದ ಮುಂದೆ ಅದರ ಹಿಂದಿನ ಐದು ದಿನದ ಮಳೆ ಕೂಡಿಸಿ ಬರೆಯಿರಿ. ನೆಲ ನೆನೆದಿತ್ತೋ ಒಣಗಿತ್ತೋ ಅದರಿಂದ ತಿಳಿಯುತ್ತದೆ. ಆಮೇಲೆ ಹೊಂಡದ ಅಳತೆ ಹೇಳುತ್ತೇನೆ.