ಮಗಳಿಗೆ ಅನೊರೆಕ್ಸಿಯಾ: ಮನೆಯಲ್ಲೇ ಊಟ ಮಾಡಿಸಿ ಗುಣಪಡಿಸಿದವರು ಇದ್ದೀರಾ?

ಮಗಳಿಗೆ 15 ವರ್ಷ. ಐದು ತಿಂಗಳಲ್ಲಿ 11 ಕಿಲೋ ಇಳಿದಿದ್ದಾಳೆ, ಮುಟ್ಟು ನಿಂತಿದೆ. ಅನೊರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಡುವ ಮಾನಸಿಕ ಕಾಯಿಲೆ), ತಂದೆ-ತಾಯಿಯೇ ಕೂತು ಉಣ್ಣಿಸಬೇಕು, ಅದೇ ಚಿಕಿತ್ಸೆ ಅಂದರು ಡಾಕ್ಟರು. ಒತ್ತಾಯ ಮಾಡಿದರೆ ಹಟ ಇನ್ನೂ ಹೆಚ್ಚಾಗೋದಿಲ್ಲವೇ?
– ವಿಜಯಪುರದ ತಾಯಿ

ಅಕ್ಕಾರ, ನಾನೂ ಇದನ್ನೇ ಕೇಳಿದ್ದೆ. ನಮ್ಮಾಕಿ ಶುರು ಮಾಡಿದ್ದು ಶ್ರಾವಣ ಸೋಮವಾರದ ಉಪವಾಸದಿಂದ. ಆಮೇಲೆ ಶನಿವಾರ, ಆಮೇಲೆ ಸಂಕಷ್ಟಿ. ಬಂದವರೆಲ್ಲ ‘ಏನ್ ಭಕ್ತಿ ಹುಡುಗೀದು’ ಅಂದರು, ನಾನೂ ಹಿಗ್ಗಿದೆ. ದೀಪಾವಳಿ ಬಂದರೂ ಉಪವಾಸ ಮುಗೀಲಿಲ್ಲ. ನಾಡಿ 46ಕ್ಕೆ ಇಳಿದಾಗ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಒಮ್ಮೆಲೇ ಹೊಟ್ಟೆ ತುಂಬ ಕೊಡಲಿಲ್ಲ. ಬಹಳ ದಿನ ಹಸಿದ ಮೈಗೆ ದಿಢೀರನೆ ಊಟ ಬಿದ್ದರೆ ರಕ್ತದಲ್ಲಿ ರಂಜಕ (ಫಾಸ್ಫರಸ್) ಕುಸಿದು ಹೃದಯಕ್ಕೇ ಅಪಾಯ. ನೀವೂ ರಕ್ತಪರೀಕ್ಷೆ, ಇಸಿಜಿ ಮಾಡಿಸದೆ ಮನೆಯಲ್ಲಿ ಶುರು ಮಾಡಬೇಡಿ.

1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಪದ್ಧತಿ, ಈ ತಂದೆ-ತಾಯಿಯೇ ಉಣ್ಣಿಸೋದು. ತಪ್ಪು ಯಾರದು ಅಂತ ಹುಡುಕೋದಿಲ್ಲ ಅಂತ ಡಾಕ್ಟರು ಮೊದಲ ದಿನವೇ ಹೇಳಿದರು. ಆವತ್ತು ನಾನು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಮೂರು ಊಟ, ನಡುನಡುವೆ ತಿನಿಸು. ಏನು, ಎಷ್ಟು ಅನ್ನೋದು ನಾನೂ ಅವರಪ್ಪನೂ ತೀರ್ಮಾನಿಸೋದು. ಮೊದಲ ದಿನ ರೊಟ್ಟಿಗೆ ಹಚ್ಚಿದ ಬೆಣ್ಣೆಯನ್ನು ಬೆರಳಿಂದ ಬಳಿದು ಓಢಣಿಯ ಒಳಮೈಗೆ ಒರೆಸಿದಳು. ಮತ್ತೆ ಹಚ್ಚಿಕೊಟ್ಟೆ. ‘ನೀ ನನ್ನ ವೈರಿ ಇದ್ದಿ, ಅವ್ವಾ’ ಅಂದಳು. ಒಂದೂವರೆ ತಾಸು ಕೂತೆವು. ಬೈಯಲಿಲ್ಲ, ಬಾಯಿಗೆ ತುರುಕಲಿಲ್ಲ. ‘ಇನ್ನೊಂದು ತುತ್ತು, ನನ್ನವ್ವ’ ಇಷ್ಟೇ ಮಾತು. ಹಟ ಅಂತೀರಲ್ಲ, ಜ್ವರ ಬಂದ ಮಗುವಿಗೆ ಮೈ ಬಿಸಿ ಮಾಡಿಕೋಬೇಡ ಅಂತೀವೇನು?

ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅವರಪ್ಪ ಕರಗಿ ‘ಸಾಕು ಬಿಡು, ಅರ್ಧ ತಿಂದಾಳ’ ಅಂದ ದಿನ ಮರು ಊಟಕ್ಕೂ ಅರ್ಧವೇ ತಿಂದಳು. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು, ಅತ್ತೆಯವರನ್ನೂ ಕೂಡಿಸಿ ತಿಳಿಸಿ ಹೇಳಿ. ತೂಕ ಏರಿದ ಮೇಲೆ ಊಟದ ಜವಾಬ್ದಾರಿಯನ್ನು ಒಂದೊಂದಾಗಿ ಅವಳಿಗೇ ಬಿಡುತ್ತ ಬಂದೆವು, ಮೊದಲು ಸಂಜೆಯ ತಿನಿಸು. ನಮಗೆ ಹತ್ತು ತಿಂಗಳು ಹಿಡಿಯಿತು. ಕೈಚೆಲ್ಲಿ ಕೂತ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡುತ್ತಿದ್ದೆ, ಕನ್ನಡದಲ್ಲೇ ಮಾತಾಡುತ್ತಾರೆ.
– ಬಾಗಲಕೋಟೆ, ನವನಗರ

ಕಾಕು, ನಾನು ಬೆಳಗಾವಿಯವಳು, ತಂಗಿಗೆ ಈ ಕಾಯಿಲೆ ಇತ್ತು. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನು ಕಾವಲಿಗೆ ಕೂರಿಸಬೇಡಿ. ನಾನು ಮೊದಲು ತುತ್ತು ಎಣಿಸಿ ಅಪ್ಪನಿಗೆ ಹೇಳುತ್ತಿದ್ದೆ, ಅವಳು ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಊಟ ಅಪ್ಪ-ಅಮ್ಮಂದು, ಊಟ ಆದ ಮೇಲಿನ ಒಂದು ತಾಸು ನಂದು ಅಂತ ಆಯಿತು. ಆ ಹೊತ್ತೇ ಅವಳಿಗೆ ಎಲ್ಲಕ್ಕಿಂತ ಕಷ್ಟ, ತಿಂದದ್ದನ್ನು ವಾಂತಿ ಮಾಡಿಬಿಟ್ಟಾಳು ಅಂತ ಒಬ್ಬಳನ್ನೇ ಬಚ್ಚಲಿಗೆ ಬಿಡುವಂತಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರ ಬರೆದುಕೊಂಡು ಆಡುತ್ತಿದ್ದೆವು. ಊಟದ ಸುದ್ದಿ ತೆಗೀತಿರಲಿಲ್ಲ. ಒಂದು ದಿನ ನನ್ನ ಕಾಯಿ ಕಡಿದು ಜೋರಾಗಿ ನಕ್ಕಳು. ಅಡುಗೆಮನೆಯಿಂದ ಅಮ್ಮ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು.