ಬಿಸಿಯಾದರೆ ಸೀರಿಯಲ್ ಡೇಟಾ ಕೆಡುತ್ತದೆ: ಯಾವ ಸಿಲಿಕಾನ್ ಆಸಿಲೇಟರ್ ಹಾಕಲಿ?

ಪ್ರಶ್ನೆ
ಮೋಟರ್ ಪಕ್ಕ ಕೂರುವ ಒಂದು ಬೋರ್ಡ್ ಮಾಡಿದ್ದೇನೆ. 8-ಬಿಟ್ ಮೈಕ್ರೋಕಂಟ್ರೋಲರ್, ಒಳಗಿನ 16 ಮೆಗಾಹರ್ಟ್ಸ್ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಕ್ಲಾಕ್, ಸೀರಿಯಲ್ ವೇಗ 115200 ಬಾಡ್, ಅಂದರೆ ಸೆಕೆಂಡಿಗೆ ಅಷ್ಟು ಬಿಟ್. ಮೇಜಿನ ಮೇಲೆ ಎಲ್ಲ ಸರಿ. ಡಬ್ಬಿ ಮುಚ್ಚಿ ಅರ್ಧ ಗಂಟೆ ಓಡಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಹಳೆಯ ಬೋರ್ಡಿನಲ್ಲಿ ಕ್ಲಾಕ್‌ಗೆ ಕ್ವಾರ್ಟ್ಜ್ ಕ್ರಿಸ್ಟಲ್ ಇತ್ತು. ಅದುರಾಟಕ್ಕೆ ಎರಡು ಸಲ ಸತ್ತಿತು. ಅದಕ್ಕೇ ಈಗ ಸಿಲಿಕಾನ್ ಆಸಿಲೇಟರ್ (ಕ್ರಿಸ್ಟಲ್ ಇಲ್ಲದೆ ಕ್ಲಾಕ್ ಕೊಡುವ ಚಿಪ್) ಹಾಕೋಣ ಅಂತಿದ್ದೇನೆ.

ಉತ್ತರ
ಕೊಳ್ಳುವ ಮೊದಲು ಅಳೆಯಿರಿ. ಟೈಮರಿನಿಂದ ಒಂದು ಪಿನ್ನಿಗೆ 1 ಕಿಲೋಹರ್ಟ್ಸ್ ಬಿಡಿ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡುತ್ತಾ ಫ್ರೀಕ್ವೆನ್ಸಿ ಕೌಂಟರ್ ನೋಡಿ.

ಪ್ರಶ್ನೆ ಕೇಳಿದವರು
ತಣ್ಣಗಿದ್ದಾಗ 1000, ಬಿಸಿಯಾದಾಗ 1014. ಬರೀ 1.4% ಅಲ್ವಾ? ಇಷ್ಟಕ್ಕೇ ಕೆಡುತ್ತದಾ?

ಉತ್ತರ
ಕಳ್ಳ ಒಬ್ಬನೇ ಅಲ್ಲ. ಇಂಥ ಚಿಪ್ಪಿನ ಸೀರಿಯಲ್ ಭಾಗ ಕ್ಲಾಕನ್ನು 8ರ ಗುಣಕಗಳಿಂದ ಭಾಗಿಸುತ್ತದೆ, 16 ಮೆಗಾಹರ್ಟ್ಸನ್ನು ಹಾಗೆ ಭಾಗಿಸಿದರೆ ಸರಿಯಾಗಿ 115200 ಬರುವುದಿಲ್ಲ. ಹತ್ತಿರದ್ದು 8 × 17, ಅಂದರೆ 117647. ತಣ್ಣಗಿದ್ದಾಗಲೇ 2.1% ಜಾಸ್ತಿ. ಅದರ ಮೇಲೆ 1.4% ಸೇರಿದರೆ 3.5%. ಪ್ರತಿ ಅಕ್ಷರದ ಕೊನೆಯ ಬಿಟ್ಟಾದ ಸ್ಟಾಪ್ ಬಿಟ್ ತನಕ ಈ ತಪ್ಪು ಕೂಡುತ್ತಾ ಹೋಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಬಿಟ್‌ನ ಮೂರನೇ ಒಂದು ಭಾಗ ಜಾರಿರುತ್ತದೆ.

ಹಾಗಾಗಿ ಸುಮ್ನೆ 16 ಮೆಗಾಹರ್ಟ್ಸ್ ಆಸಿಲೇಟರ್ ತರಬೇಡಿ, ಆ 2.1% ಹಾಗೇ ಉಳಿಯುತ್ತದೆ. 14.7456 ಮೆಗಾಹರ್ಟ್ಸ್ ತನ್ನಿ. 128ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 115200.

ಇನ್ನೊಂದು ಎಚ್ಚರ. ‘ಸಿಲಿಕಾನ್’ ಅನ್ನುವ ಹೆಸರಲ್ಲಿ ಎರಡು ಜಾತಿ ಇವೆ. ಆರ್‌ಸಿ ಬಗೆಯದ್ದು ಅಗ್ಗ, ಆದರೆ ಸಾಮಾನ್ಯವಾಗಿ 1-2% ತಪ್ಪಿರುತ್ತದೆ. ಅದನ್ನು ತಂದರೆ ಮತ್ತೆ ಇದೇ ಕಥೆ. ನಿಮಗೆ ಬೇಕಿರುವುದು ಮೆಮ್ಸ್, ಅಂದರೆ ಒಳಗೆ ಕಂಪಿಸುವ ಸೂಕ್ಷ್ಮ ಸಿಲಿಕಾನ್ ಚೂರು ಇರುವ ಬಗೆ. ಅದರ ತಪ್ಪು 50 ಪಿಪಿಎಂ (ಹತ್ತು ಲಕ್ಷಕ್ಕೆ 50), ಅಂದರೆ 0.005% ಅಷ್ಟೇ. ಆ ಚೂರಿಗೆ ತೂಕವೇ ಇಲ್ಲದಷ್ಟು ತೂಕ, ಹಾಗಾಗಿ ಮೋಟರ್ ಅದುರಾಟ ತಾಳಿಕೊಳ್ಳುತ್ತದೆ. ಡೇಟಾಶೀಟಿನಲ್ಲಿ 25 ಡಿಗ್ರಿಯ ಅಂಕಿ ನಂಬಬೇಡಿ. ಪೂರ್ತಿ ತಾಪಮಾನ ವ್ಯಾಪ್ತಿಯ ಸಾಲು ಓದಿ.

ಪ್ರಶ್ನೆ ಕೇಳಿದವರು
ಮೆಮ್ಸ್ ಹಾಕಿದೆ. ಬೋರ್ಡ್ ಏಳುತ್ತಲೇ ಇಲ್ಲ!

ಇನ್ನೊಬ್ಬರು
ಮೈಕ್ರೋಕಂಟ್ರೋಲರಿನ ಕ್ಲಾಕ್ ಸೆಟ್ಟಿಂಗ್ ಕ್ರಿಸ್ಟಲ್‌ಗೆ ಇಟ್ಟಿದ್ದೀರಿ ಅನ್ನಿಸುತ್ತದೆ. ‘ಎಕ್ಸ್‌ಟರ್ನಲ್ ಕ್ಲಾಕ್’ ಮಾಡಿ. ಔಟ್‌ಪುಟ್ಟನ್ನು ಕ್ರಿಸ್ಟಲ್ ಇನ್‌ಪುಟ್ ಪಿನ್ನಿಗೆ ಮಾತ್ರ ಕೊಡಿ, ಇನ್ನೊಂದು ಪಿನ್ ಖಾಲಿ ಬಿಡಿ. ಆ ಪಿನ್ನುಗಳಲ್ಲಿ ಕ್ರಿಸ್ಟಲ್‌ನ ಲೋಡ್ ಕೆಪಾಸಿಟರ್‌ಗಳಿದ್ದರೆ ಎರಡನ್ನೂ ತೆಗೆಯಿರಿ. ಆಸಿಲೇಟರಿನ ಸಪ್ಲೈ ಪಿನ್ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಪ್ರಶ್ನೆ ಕೇಳಿದವರು
ಸೆಟ್ಟಿಂಗೇ ಆಗಿತ್ತು. ಈಗ ಡಬ್ಬಿ ಮುಚ್ಚಿ ಮೂರು ಗಂಟೆ ಓಡಿಸಿದ್ದೇನೆ, ಒಂದು ಅಕ್ಷರವೂ ತಪ್ಪಿಲ್ಲ. ತುಂಬಾ ಥ್ಯಾಂಕ್ಸ್. ಇದೇ ಕ್ಲಾಕನ್ನು ಆಡಿಯೋ ಎಡಿಸಿಗೂ (ಧ್ವನಿಯನ್ನು ಅಂಕಿಗಳಾಗಿಸುವ ಚಿಪ್) ಕೊಡಬಹುದಾ?

ಉತ್ತರ
ಮೊದಲು ಜಿಟರ್ (ಕ್ಲಾಕ್ ಬಡಿತ ಹಿಂದೆಮುಂದೆ ಆಗುವುದು) ಅಂಕಿ ನೋಡಿ. ಮೆಮ್ಸ್ ಒಳಗೆ ಸಾಮಾನ್ಯವಾಗಿ ಪಿಎಲ್ಎಲ್ (ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್) ಇರುತ್ತದೆ, ಅಗ್ಗದವುಗಳಲ್ಲಿ ಜಿಟರ್ ಜಾಸ್ತಿ. ಆಡಿಯೋಗೆ ನಾನಾದರೆ ಬೇರೆ ಕ್ವಾರ್ಟ್ಜ್ ಆಸಿಲೇಟರ್ ಇಡುತ್ತೇನೆ, ಮೋಟರಿನಿಂದ ದೂರದಲ್ಲಿ.