ಲೇಹ್‌ಗೆ ವಿಮಾನವೋ, ರಸ್ತೆಯೋ? ಹೋಗಿ ಬಂದವರು ಹೇಳಿ

ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ಲಡಾಖ್ ಯೋಚನೆ ಇದೆ. ಅಪ್ಪನಿಗೆ 66, ಬಿಪಿ ಮಾತ್ರೆ ತಗೊಳ್ತಾರೆ. ದೆಹಲಿಯಿಂದ ನೇರ ಲೇಹ್ ವಿಮಾನ ಒಳ್ಳೆಯದಾ, ಶ್ರೀನಗರದಿಂದ ಕಾರಾ?

ಹಳೇ ಬುಲೆಟ್: ರಸ್ತೆ, ಇನ್ನೊಂದು ಮಾತೇ ಇಲ್ಲ. ವಿಮಾನ ಒಂದೂವರೆ ಗಂಟೆಯೊಳಗೆ ದೆಹಲಿ ಸೆಕೆಯಿಂದ ಎತ್ತಿ 3,256 ಮೀಟರ್ ಮೇಲೆ ಇಳಿಸುತ್ತೆ. ಅಲ್ಲಿನ ತೆಳು ಗಾಳಿಗೆ ಮೈ ಹೊಂದಿಕೊಳ್ಳೋದು ಯಾವಾಗ? ನಾನು ಶ್ರೀನಗರದ ಕಡೆಯಿಂದ ಬುಲೆಟ್‌ನಲ್ಲಿ ಹೋದೆ. ಜೋಜಿ ಲಾ ಘಾಟಿಯ ಕೆಸರಲ್ಲಿ ಕ್ಲಚ್ ಪ್ಲೇಟ್ ಸುಟ್ಟಿತು. ಪ್ಲೇಟಿಗೆ 2,900, ದ್ರಾಸ್‌ವರೆಗೆ ಗಾಡಿ ಹೊತ್ತ ಪಿಕಪ್‌ಗೆ 4,500, ಮೆಕ್ಯಾನಿಕ್‌ಗೆ 1,200, ಅವನ ಹುಡುಗನಿಗೆ ಟೀ ಕಾಸು ಬೇರೆ. ಆದರೆ ಲೇಹ್‌ನಲ್ಲಿ ತಲೆನೋವು ಸುಳಿಯಲಿಲ್ಲ.

ಕಿಟಕಿ ಸೀಟು: ಸೊಂಟನೋವಿನ ಲೆಕ್ಕ ಬಿಟ್ಟುಹೋಯ್ತಲ್ಲ ಸಾರ್! ನಾವು ವಿಮಾನದಲ್ಲೇ ಹೋದೆವು. ಡಾಕ್ಟರನ್ನು ಕೇಳಿ ಎತ್ತರದ ತೊಂದರೆ ತಡೆಯೋ ಮಾತ್ರೆ ಡಯಾಮಾಕ್ಸ್ ಮೊದಲೇ ಶುರು ಮಾಡಿದ್ದೆವು, ಇಳಿದ ಮೇಲೆ ರೂಮಲ್ಲೇ ಬಿದ್ದುಕೊಂಡಿದ್ದೆವು. ಏನೂ ಆಗಲಿಲ್ಲ. ಹೊಡೆತ ಬಿದ್ದದ್ದು ವಾಪಸ್ ಬರುವಾಗ, 2024ರ ಜುಲೈ ಕೊನೆಯಲ್ಲಿ. ವಿಮಾನ ರದ್ದು. ಕಾರಣ ಬಿಸಿಲಂತೆ, ಅದೂ ಲೇಹ್‌ನಲ್ಲಿ! ಹೋಟೆಲ್‌ಗೆ ಮತ್ತೆ 3,800. ದೆಹಲಿಯಿಂದ ಬೆಂಗಳೂರಿನ ಟಿಕೆಟ್ ಬೇರೆ ಪಿಎನ್‌ಆರ್, ಅಂದ್ರೆ ಬೇರೆ ಬುಕಿಂಗ್, ಹಾಗಾಗಿ ಅದರ 11,640 ನೀರುಪಾಲು. ಹೊಸದಕ್ಕೆ ತಲೆಗೆ 14,200. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಸಾರ್ಜೆಂಟ್ ಮಾವ: ಅಲ್ಲಿ ಗಾಳಿ ಮೊದಲೇ ತೆಳು. ಬಿಸಿಯಾದರೆ ಇನ್ನೂ ತೆಳು, ರೆಕ್ಕೆ ಭಾರ ಎತ್ತಲ್ಲ. ಜನ ಇಳಿಸಬೇಕು, ಇಲ್ಲ ಲಗೇಜ್ ಬಿಡಬೇಕು. ಪೂರ್ವಕ್ಕೆ ಬೆಟ್ಟ ಅಡ್ಡ, ಬಂದ ದಿಕ್ಕಿಗೇ ತಿರುಗಿ ಏರಬೇಕು. ಮಧ್ಯಾಹ್ನ ಗಾಳಿ ಎದ್ದರೆ ಅದೂ ಕಷ್ಟ. ಅದಕ್ಕೇ ಬೆಳಗಿನ ವಿಮಾನ. ನಾನು ವಾಯುಪಡೆಯಲ್ಲಿದ್ದಾಗ ಇದನ್ನೇ ನೋಡಿದ್ದು. ಇನ್ನು ರಸ್ತೆ ಅಂದ ಬುಲೆಟ್‌ನವರೇ, ನಿಮ್ಮ ಶ್ರೀನಗರದ ದಾರಿಯ ಫೋಟು ಲಾ ಘಾಟಿ 4,100 ಮೀಟರ್ ದಾಟುತ್ತೆ. ಲೇಹ್‌ಗಿಂತ ಎತ್ತರ!

ಹಳೇ ಬುಲೆಟ್: ಫೋಟು ಲಾದಲ್ಲಿ ಯಾರಾದರೂ ಮಲಗ್ತಾರಾ? ರಾತ್ರಿ ಕಾರ್ಗಿಲ್‌ನಲ್ಲಿ, 2,700ರ ಹತ್ತಿರ. ಎತ್ತರದಲ್ಲಿ ಮಲಗಿಸೋದು ಮನಾಲಿ ರಸ್ತೆ. ಅಲ್ಲಿ ರಾತ್ರಿ ತಂಗೋ ಸರ್ಚು 4,200ಕ್ಕೂ ಮೇಲೆ. ಓದದೆ ಸುಮ್ನೆ ಜಗಳಕ್ಕೆ ಬರಬೇಡಿ.

ಸಾರ್ಜೆಂಟ್ ಮಾವ: ಓದೋದಾ? ನಾನು ಚಳಿಗಾಲ ಕಳೆದಿದ್ದೇನೆ ಅಲ್ಲಿ. ನೀವು ಹೋಗಿದ್ದು ಟೂರು.

ಕಿಟಕಿ ಸೀಟು: ಮಾವ, ಇಳಿಯುವಾಗ ವಿಡಿಯೋ ತೆಗೆದೆ ಅಂತ ಗಗನಸಖಿ ಬೈದರು. ಅಷ್ಟಕ್ಕೆ ಬೈಬೇಕಾ?

ಸಾರ್ಜೆಂಟ್ ಮಾವ: ವಾಯುಪಡೆ ನಿಲ್ದಾಣ ಕಣಮ್ಮಾ ಅದು. ಬೈದದ್ದೇ ಸರಿ.

ಗ್ಯಾರೇಜ್ ಗಿರಾಕಿ: ವಿಮಾನ ಹಾಗಿರಲಿ, ಕ್ಲಚ್ ಪ್ಲೇಟಿಗೆ 2,900? ಬುಲೆಟಣ್ಣ, ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ.

ಹಳೇ ಬುಲೆಟ್: ಕತ್ತಲಾದ ಮೇಲೆ ದ್ರಾಸ್‌ನಲ್ಲಿ ನಿಂತು ಬೆಂಗಳೂರಿನ ಜೆ.ಸಿ. ರೋಡ್ ಬಿಡಿಭಾಗದ ಅಂಗಡಿ ರೇಟ್ ಕೇಳಿ ನೋಡಿ. ಆಮೇಲೆ ಮಾತಾಡೋಣ.